ಟಾಕೀಸು ಮೇಡಂ ಮತ್ತು ಸೋಡಾ ಕೋಣೆ

ನಮ್ಮ ನಗರದ ಚರಿತ್ರೆಯನ್ನು ಬರೆದವರಿಗೇನೂ ಕೊರತೆಯಿಲ್ಲ. ಕೋಟೆಯ ಕಲ್ಲುಗಳನ್ನು ಒಂದೊಂದಾಗಿ ಎಣಿಸಿದವರಿದ್ದಾರೆ. ನ್ಯಾಯಾಲಯದ ಗುಮ್ಮಟದ ಮೇಲೆ ಪ್ರೌಢಪ್ರಬಂಧ ಮಂಡಿಸಿ ಪದವಿ ಪಡೆದವರಿದ್ದಾರೆ. ರೈಲು ನಿಲ್ದಾಣದ ಕಮಾನುಗಳ ಬಗ್ಗೆ ದಿಂಬಿನಷ್ಟು ದಪ್ಪನೆಯ ಗ್ರಂಥ ಹೊರತಂದವರೂ ಇದ್ದಾರೆ. ಆದರೆ ಈ ಊರಿನ ಜನ ವಾರವಿಡೀ ದುಡಿದು ದಣಿದು ಒಂದು ಸಂಜೆ ಎಲ್ಲಿಗೆ ಹೋಗಿ ಕೂರುತ್ತಿದ್ದರು, ಯಾರ ಪಕ್ಕದಲ್ಲಿ ಕೂತು ಯಾವುದಕ್ಕೆ ನಕ್ಕು ಯಾವುದಕ್ಕೆ ಅಳುತ್ತಿದ್ದರು ಎಂಬುದೂ ಚರಿತ್ರೆಯೇ ಎಂದು ಮೊದಲು ಹೇಳಿದವರು, ಹೇಳಿದ್ದನ್ನು ಮೂರು ದಶಕಗಳ ಕಾಲ ಪಟ್ಟು ಬಿಡದೆ ಮಾಡಿ ತೋರಿಸಿದವರು, ನಮ್ಮ ಕಾಲೇಜಿನ ಚರಿತ್ರೆ ವಿಭಾಗದ ಮುಖ್ಯಸ್ಥರಾಗಿ ಈ ತಿಂಗಳು ನಿವೃತ್ತರಾಗುತ್ತಿರುವ ಗೌರವಾನ್ವಿತ ಮೇಡಂ ಅವರು. ಹಳೆಯ ಚಿತ್ರಮಂದಿರಗಳ ಬೆನ್ನು ಹತ್ತಿದ ಅವರನ್ನು ವಿದ್ಯಾರ್ಥಿಗಳು ಮೊದಲು ಬೆನ್ನ ಹಿಂದೆ, ಆಮೇಲೆ ಎದುರಿಗೇ, ಟಾಕೀಸು ಮೇಡಂ ಎಂದು ಕರೆದರು. ಅಂಚೆಯವರೂ ಈಗ ಹಾಗೆಯೇ ಕರೆಯುತ್ತಾರೆ.

ಅವರ ಸಾಧನೆಗಳ ಬಗ್ಗೆ ಬರೆದುಕೊಡಿ ಎಂದು ಅಭಿನಂದನ ಸಮಿತಿಯವರು ನನ್ನನ್ನು ಕೇಳಿದ್ದಾರೆ. ಪ್ರಶಸ್ತಿ, ಪದವಿ, ಸಮ್ಮೇಳನ, ಅಧ್ಯಕ್ಷತೆ, ಇವನ್ನೆಲ್ಲ ಪಟ್ಟಿ ಮಾಡಲು ಈ ಸಂಪುಟದಲ್ಲಿ ನನಗಿಂತ ಅಚ್ಚುಕಟ್ಟಾದವರು ಬೇಕಾದಷ್ಟಿದ್ದಾರೆ. ನಾನು ಸ್ವಲ್ಪ ಜಗಳಗಂಟ ಎಂಬುದು ಸಮಿತಿಯವರಿಗೆ ತಿಳಿಯದ ವಿಷಯವಲ್ಲ. ಅವರ ವಿದ್ಯಾರ್ಥಿಯಾಗಿ, ಅನಂತರ ಅದೇ ವಿಭಾಗದಲ್ಲಿ ಅವರ ಪಕ್ಕದ ಮೇಜಿನವನಾಗಿ ಕಂಡದ್ದರಲ್ಲಿ ನನಗೆ ದೊಡ್ಡದೆನಿಸಿದ್ದು ಅವರು ಮಾಡಿದ ಒಂದು ತಪ್ಪು. ಅದನ್ನು ಅವರು ತಿದ್ದಿದ ರೀತಿಯನ್ನು ಬರೆಯದಿದ್ದರೆ ಈ ಸಂಪುಟಕ್ಕೆ ನಾನು ಬರೆಯುವುದೇ ಬೇಡ ಎಂದು ಹೇಳಿಬಿಟ್ಟೆ. ಮೇಡಂ ಅವರನ್ನು ಕೇಳಿದಾಗ, "ಬರಿ, ಆದರೆ ಎಲ್ಲೂ ಸಕ್ಕರೆ ಸವರಬೇಡ," ಎಂದರು.

ನಾನು ಅವರ ತರಗತಿಗೆ ಸೇರಿದ ವರ್ಷ ಅವರು ನಮ್ಮನ್ನು ಮೊದಲು ಕರೆದುಕೊಂಡು ಹೋದದ್ದು ಒಂದು ಪೀಠೋಪಕರಣದ ಅಂಗಡಿಗೆ. ಮಂಚ, ಕಪಾಟುಗಳ ನಡುವೆ ನಿಲ್ಲಿಸಿ, "ತಲೆ ಎತ್ತಿ ನೋಡಿ," ಎಂದರು. ಛಾವಣಿಗೆ ಹತ್ತಿರ ಗೋಡೆಯಲ್ಲಿ ಚೌಕಾಕಾರದ ಎರಡು ಸಣ್ಣ ಕಿಂಡಿಗಳಿದ್ದವು. ಬೆಳಕಿನ ಕೋಲು ಹೊರಬರುತ್ತಿದ್ದ ಕಿಂಡಿಗಳು ಅವು. ಆ ಅಂಗಡಿ ಹಿಂದೆ ತಗಡಿನ ಟಾಕೀಸು ಆಗಿತ್ತು. ಹೀಗೆಯೇ ಟೈರುಗಳ ದಾಸ್ತಾನಾದದ್ದು, ಬ್ಯಾಂಕಾದದ್ದು, ಬರೀ ಬಯಲಾಗಿ ಉಳಿದದ್ದು, ಎಲ್ಲವನ್ನೂ ಅವರು ನಮ್ಮನ್ನು ಕಟ್ಟಿಕೊಂಡು ಬಿಸಿಲಲ್ಲಿ ಅಲೆದಾಡಿಸಿ ತೋರಿಸಿದರು. ಅರ್ಧ ತರಗತಿ ಅಷ್ಟಕ್ಕೇ ಬೇರೆ ವಿಷಯಕ್ಕೆ ಓಡಿತು. ಉಳಿದವರು ಇಂದಿಗೂ ಯಾವ ಅಂಗಡಿಗೆ ಹೋದರೂ ಮೊದಲು ಛಾವಣಿ ನೋಡುತ್ತೇವೆ.

ಹಳಬರನ್ನು ಮಾತಾಡಿಸುವುದಕ್ಕೆ ಅವರದೇ ಒಂದು ಪದ್ಧತಿ ಇತ್ತು. ಯಾವ ಚಿತ್ರ ನೋಡಿದಿರಿ ಎಂದು ಅವರು ಎಂದೂ ಮೊದಲು ಕೇಳುತ್ತಿರಲಿಲ್ಲ. ಎಲ್ಲಿ ಕೂತಿದ್ದಿರಿ, ಪಕ್ಕದಲ್ಲಿ ಯಾರಿದ್ದರು, ಯಾವ ಬಾಗಿಲಿಂದ ಹೊರಗೆ ಬಂದಿರಿ ಎಂದು ಕೇಳಿ, ಉತ್ತರವನ್ನು ಕ್ಯಾಸೆಟ್ಟಿನಲ್ಲಿ ಹಿಡಿದಿಡುತ್ತಿದ್ದರು. "ಚಿತ್ರದ ಹೆಸರು ಕೇಳಿದ್ರೆ ಜನ ಕಥೆ ಹೇಳ್ತಾರೆ. ಕೂತ ಜಾಗ ಕೇಳಿದ್ರೆ ತಮ್ಮ ವಿಷಯ ಹೇಳ್ತಾರೆ," ಎಂಬುದು ಅವರ ಲೆಕ್ಕಾಚಾರ. ಈ ಲೆಕ್ಕಾಚಾರ ಒಂದು ಕಡೆ ಕೈಕೊಟ್ಟಿತು. ಆ ಕಥೆಗೆ ಬರುತ್ತೇನೆ.

ಅದಕ್ಕೂ ಮೊದಲು, ಋಣ ಎಂಬುದೊಂದಿದೆ. ನನ್ನ ತಂದೆ ಆಸ್ಪತ್ರೆಯಲ್ಲಿ ಮಲಗಿದ್ದಷ್ಟು ಕಾಲವೂ ನನ್ನ ಪಾಠಗಳನ್ನು ತಾವೇ ಮಾಡಿ, ನನ್ನ ಪಾಲಿನ ಉತ್ತರ ಪತ್ರಿಕೆಗಳನ್ನೂ ತಾವೇ ತಿದ್ದಿ, ನಾನು ಮರಳಿದಾಗ "ನಿನ್ನ ಹುಡುಗರ ಅಕ್ಷರ ನಿನ್ನ ಥರಾನೇ ಇದೆ, ಕಣ್ಣು ಹೋಯ್ತು," ಎಂದಷ್ಟೇ ಹೇಳಿದವರು ಅವರು. ತಗಡಿನ ಟಾಕೀಸಿನಲ್ಲಿ ಯಂತ್ರ ನಡೆಸುತ್ತಿದ್ದ ಮುದುಕರೊಬ್ಬರಿಗೆ ಕಣ್ಣಿನ ಪೊರೆ ಬಂದಾಗ ಅವರನ್ನು ತಾವೇ ವೈದ್ಯರ ಬಳಿ ಕರೆದೊಯ್ದು, ಪಟ್ಟಿ ಬಿಚ್ಚುವ ದಿನ ರಜೆ ಹಾಕಿ ಪಕ್ಕದಲ್ಲಿ ಕೂತಿದ್ದರು. ಆ ಮುದುಕರಿಂದ ಸಂಶೋಧನೆಗೆ ಬೇಕಾದದ್ದೆಲ್ಲ ಸಿಕ್ಕಿ ಆಗಲೇ ಎಷ್ಟೋ ವರ್ಷ ಕಳೆದಿತ್ತು. ಇನ್ನು ನನ್ನ ಪ್ರಬಂಧದ ಮೊದಲ ಕರಡನ್ನು ಅವರು ಕೆಂಪು ಶಾಯಿಯಲ್ಲಿ ಮೀಯಿಸಿ ಹಿಂತಿರುಗಿಸಿದ್ದನ್ನು ಕೂಡ ಉಪಕಾರಗಳ ಸಾಲಿಗೇ ಸೇರಿಸಬೇಕು ಎಂದು ಈಗೀಗ ಒಪ್ಪಿಕೊಂಡಿದ್ದೇನೆ.

ಅವರ ಮಹತ್ವದ ಗ್ರಂಥ, ನಗರದ ಹಳೆಯ ಚಿತ್ರಮಂದಿರಗಳ ಚರಿತ್ರೆ, ಹೊರಬಂದಾಗ ವಿದ್ವಾಂಸರು ಹೊಗಳಿದರು, ಸಾಮಾನ್ಯ ಓದುಗರು ಕೊಂಡು ಓದಿದರು. ಇವೆರಡೂ ಒಟ್ಟಿಗೆ ಆಗುವುದು ನಮ್ಮ ಕ್ಷೇತ್ರದಲ್ಲಿ ಅಪರೂಪ. ಅದರ ಅತ್ಯಂತ ಉದ್ದದ ಅಧ್ಯಾಯ ಗಡಿಯಾರದ ಟಾಕೀಸಿನದು. ನಗರದಲ್ಲಿ ಮೂಲ ಕಟ್ಟಡ ಸಹಿತ ಉಳಿದಿರುವ ಏಕೈಕ ಹಳೆಯ ಚಿತ್ರಮಂದಿರ ಅದು. ಮುಂಭಾಗದಲ್ಲಿ ನಿಂತುಹೋದ ದೊಡ್ಡ ಗಡಿಯಾರ, ಒಳಗೆ ಕುರ್ಚಿಗಳ ಸಾಲು, ಕುರ್ಚಿಗಳ ಮುಂದೆ ಬೆಂಚುಗಳು. ಚಿತ್ರ ಬೀಳುವ ಗೋಡೆಯ ಹಿಂಬದಿಗೆ, ಓಣಿಯ ಕಡೆ ಬಾಗಿಲಿರುವ ಒಂದು ಉದ್ದನೆಯ ಕೋಣೆ. ಅದರ ನೆಲ ಇಳಿಜಾರು, ಗೋಡೆಯ ಬುಡದಲ್ಲಿ ಒಂದು ಮೋರಿ, ಮೂಲೆಯಲ್ಲಿ ನಲ್ಲಿ. ಇವನ್ನೆಲ್ಲ ನೋಡಿ ಮೇಡಂ ಅವರು, ಇದು ಅನಂತರ ಕಟ್ಟಿದ ಗೋದಾಮು, ಮಧ್ಯಂತರದಲ್ಲಿ ಮಾರುವ ಸೋಡಾ ಬಾಟಲಿಗಳನ್ನು ಇಲ್ಲಿ ತೊಳೆಯುತ್ತಿದ್ದರು ಎಂದು ಬರೆದರು. ನಾವೆಲ್ಲ ತಲೆಯಾಡಿಸಿದೆವು. ಅಂದಿನಿಂದ ಅದಕ್ಕೆ ಸೋಡಾ ಕೋಣೆ ಎಂದೇ ಹೆಸರಾಯಿತು.

ಇಲ್ಲಿ ಅವರ ಮನೆಯ ವಿಷಯವನ್ನು ಹೇಳದೆ ಮುಂದೆ ಹೋಗಲಾರೆ. ಮೇಡಂ ಅವರಿಗೆ ಚಿತ್ರಮಂದಿರಗಳ ಹುಚ್ಚು ಹಿಡಿಸಿದ್ದು ಅವರ ತಂದೆತಾಯಿ. ತಂದೆ ವಿಮಾ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ತಾಯಿ ಬಟ್ಟೆ ಗಿರಣಿಯ ಕೆಲಸಗಾರರೊಬ್ಬರ ಮಗಳು. ಇಬ್ಬರೂ ಮದುವೆಗೆ ಮುಂಚೆ, ಒಬ್ಬರಿಗೊಬ್ಬರು ಗುರುತಿಲ್ಲದ ಕಾಲದಲ್ಲಿ, ಗಡಿಯಾರದ ಟಾಕೀಸಿನಲ್ಲಿ ಒಂದೇ ಕತ್ತಿವರಸೆಯ ಚಿತ್ರವನ್ನು ನೋಡಿದ್ದರು. ಆ ಚಿತ್ರದ ರಾಜಕುಮಾರ ಎಡಗೈಯಲ್ಲಿ ಕತ್ತಿ ಹಿಡಿಯುತ್ತಿದ್ದ ಎಂದು ತಾಯಿಯವರ ವಾದ; ಬಲಗೈಯಲ್ಲಿ ಎಂದು ತಂದೆಯವರದು. ಈ ವ್ಯಾಜ್ಯ ಅವರ ದಾಂಪತ್ಯದಷ್ಟೇ ಹಳೆಯದು. ನಾನು ಅವರ ಮನೆಗೆ ಹೋದಾಗಲೆಲ್ಲ ಆ ಹಿರಿಯರು ಹೆಂಡತಿಯ ಕಡೆ ಕೈ ತೋರಿಸಿ, "ಇವಳಿಗೆ ಎಡ ಯಾವುದು ಬಲ ಯಾವುದು ಅಂತ ದೇವರಾಣೆಗೂ ಗೊತ್ತಿಲ್ಲಪ್ಪ, ದಾರಿ ಕೇಳ್ಬೇಡ," ಎಂದು ನಗುತ್ತಿದ್ದರು. ಅಮ್ಮನೂ ನಗುತ್ತಿದ್ದರು. ಎಲ್ಲಿ ಕೂತು ನೋಡಿದೆ ಎಂದು ಮಗಳು ಕೇಳಿದ್ದಕ್ಕೆ ಅಮ್ಮ ಕೊಟ್ಟಿದ್ದ ಉತ್ತರ, "ಬೆಂಚಿನ ಮೇಲೆ," ಎಂದಷ್ಟೇ. ತಂದೆಯವರು ತೀರಿಕೊಂಡ ಮೇಲೆ ಆ ಮನೆಯಲ್ಲಿ ಈ ಮಾತು ಬರುವುದು ನಿಂತಿತು.

ಮೇಡಂ ಅವರ ಸೇವೆಯ ಕೊನೆಯ ವರ್ಷ ಬಂದಿತು. ನಗರಸಭೆಯವರು ಗಡಿಯಾರದ ಟಾಕೀಸನ್ನು ಕೊಂಡು ಉಳಿಸುವುದಾಗಿ ಪ್ರಕಟಿಸಿದರು. ಜೊತೆಗೆ ಮೇಡಂ ಅವರ ಗ್ರಂಥದ ಎರಡನೆಯ ಮುದ್ರಣವನ್ನು ನಗರಸಭೆಯ ಅಧಿಕೃತ ಪ್ರಕಟಣೆಯಾಗಿ ತರುವುದಾಗಿಯೂ ಹೇಳಿದರು. ಇದಕ್ಕಿಂತ ಒಳ್ಳೆಯ ಬೀಳ್ಕೊಡುಗೆ ಬೇಕೆ ಎಂದು ನಾವೆಲ್ಲ ಕುಣಿದಾಡಿದೆವು. ಯೋಜನೆಯ ಪ್ರಕಾರ ಮುಂಭಾಗವೂ ಸಭಾಂಗಣವೂ ಉಳಿಯುತ್ತಿದ್ದವು. ಹಿಂದಿನ ಸೋಡಾ ಕೋಣೆಯನ್ನು ಮಾತ್ರ ಕೆಡವಿ ಕಾರು ನಿಲ್ಲಿಸಲು ಜಾಗ ಮಾಡುವುದೆಂದಿತ್ತು. ಮೂಲ ಕಟ್ಟಡಕ್ಕೆ ಸೇರದ ಭಾಗವೆಂಬುದಕ್ಕೆ ಆಧಾರವಾಗಿ ಅವರು ಕೊಟ್ಟದ್ದು ಮೇಡಂ ಅವರ ಗ್ರಂಥದ ಆ ಪುಟವನ್ನೇ.

ಎರಡನೆಯ ಮುದ್ರಣಕ್ಕಾಗಿ ಹಳೆಯ ಕ್ಯಾಸೆಟ್ಟುಗಳನ್ನು ಮತ್ತೆ ಕೇಳೋಣವೆಂದು ನಾವಿಬ್ಬರೂ ವಿಭಾಗದ ಕೋಣೆಯಲ್ಲಿ ಮಧ್ಯಾಹ್ನಗಳನ್ನು ಕಳೆಯತೊಡಗಿದೆವು. ಒಂದು ದಿನ ಇಸ್ತ್ರಿ ಅಂಗಡಿಯ ಅಜ್ಜಿಯೊಬ್ಬರ ಧ್ವನಿ ಬಂತು. ಅವರು ತೀರಿಕೊಂಡು ಬಹಳ ಕಾಲವಾಗಿತ್ತು. ಅದೇ ಕತ್ತಿವರಸೆಯ ಚಿತ್ರದ ಮಾತು. ರಾಜಕುಮಾರ ಎಡಗೈಯವನು ಎಂದರು. ಮೇಡಂ ಯಂತ್ರ ನಿಲ್ಲಿಸಿದರು. ತಮ್ಮ ಟಿಪ್ಪಣಿಯಲ್ಲಿ ಅವರು ಅದರ ಎದುರಿಗೆ ನೆನಪಿನ ದೋಷ ಎಂದು ಬರೆದುಕೊಂಡಿದ್ದರು. ಹುಡುಕಿದರೆ ಇನ್ನೂ ಕೆಲವರ ಮಾತಿನ ಎದುರಿಗೆ ಅದೇ ಷರಾ. ಅವರನ್ನೆಲ್ಲ ಒಟ್ಟಿಗೆ ಕೇಳಿದೆವು. ಎಡಗೈ ಎಂದವರೆಲ್ಲರೂ ಬೇರೆ ಎರಡು ಮಾತನ್ನೂ ಹೇಳಿದ್ದರು: ಧ್ವನಿ ಎದೆಗೇ ಬಂದು ಬಡಿಯುತ್ತಿತ್ತು, ಕಾಲಡಿ ಯಾವಾಗಲೂ ಒದ್ದೆ. ಎಲ್ಲಿ ಕೂತಿದ್ದಿರಿ ಎಂಬುದಕ್ಕೆ ಎಲ್ಲರ ಉತ್ತರವೂ ಚುಟುಕು: ಬೆಂಚಿನ ಮೇಲೆ. ಅವು ಕುರ್ಚಿಗಳ ಮುಂದಿನ ಬೆಂಚುಗಳೆಂದೇ ನಾವು ತಿಳಿದಿದ್ದೆವು.

ಮೇಡಂ ಕೊಡೆಯನ್ನೂ ಮರೆತು ಎದ್ದು ಹೊರಟರು. ನಾನು ಅವರ ಹಿಂದೆ ಓಡಿದೆ. ಟಾಕೀಸಿನ ಯಜಮಾನರಿಂದ ಬೀಗದ ಕೈ ಪಡೆದು ಸೋಡಾ ಕೋಣೆ ತೆರೆಸಿದರು. ಕಸ ಗುಡಿಸಿದಾಗ ನೆಲದಲ್ಲಿ ಸಾಲು ಸಾಲಾಗಿ, ಬೋಲ್ಟು ಕಿತ್ತ ಗುಳಿಗಳು ಕಂಡವು. ಸಭಾಂಗಣಕ್ಕೂ ಈ ಕೋಣೆಗೂ ನಡುವಿನ ಗೋಡೆಯ ಗಾರೆಯನ್ನು ಅವರು ಉಗುರಿನಿಂದ ಕೆರೆದು ನೋಡಿದರು. ಒಳಗಿನ ಇಟ್ಟಿಗೆ ಕಟ್ಟಡದ ಉಳಿದ ಇಟ್ಟಿಗೆಯಂತಿರಲಿಲ್ಲ. ಅನಂತರ ಸೇರಿಸಿದ್ದು ಕೋಣೆಯನ್ನಲ್ಲ, ಗೋಡೆಯನ್ನು. ಗೋಡೆ ಬರುವ ಮೊದಲು ಅಲ್ಲಿ ಬಟ್ಟೆಯ ಪರದೆ ಇತ್ತು. ಅದಕ್ಕೆ ನೀರು ಹೊಡೆದು ತೋಯಿಸಿದರೆ ಚಿತ್ರ ಆಚೆ ಬದಿಗೂ ಮೂಡುತ್ತದೆ, ಎಡಬಲ ಅದಲುಬದಲಾಗಿ. ಮುಂದೆ ಕೂರುವ ಶಕ್ತಿ ಇಲ್ಲದವರಿಗೆ ಅಗ್ಗದ ಟಿಕೀಟು ಕೊಟ್ಟು, ಓಣಿಯ ಬಾಗಿಲಿಂದ ಒಳಗೆ ಬಿಟ್ಟು, ಪರದೆಯ ಹಿಂದೆ ಬೆಂಚುಗಳ ಮೇಲೆ ಕೂರಿಸುತ್ತಿದ್ದರು. ಮೋರಿ ಇದ್ದದ್ದು ಪರದೆಯ ನೀರು ಹರಿದುಹೋಗಲು. ಧ್ವನಿವರ್ಧಕಗಳೂ ಪರದೆಯ ಹಿಂದೆ, ಅವರ ಎದುರಿಗೇ ಇದ್ದವು.

"ಇಲ್ಲಿ ಕೂತಿದ್ರು ಕಣೋ ಅವರೆಲ್ಲ. ನಾನು ಅವರನ್ನ ಎಬ್ಬಿಸಿ ಬಾಟಲಿ ಇಟ್ಟೆ," ಎಂದರು ಮೇಡಂ. ಅವರ ಅಂಗೈ ತುಂಬ ಇಟ್ಟಿಗೆಯ ಪುಡಿ ಇತ್ತು.

ಮುಂದಿನ ವಾರ ಎಷ್ಟು ಜನ ಎಷ್ಟು ಥರ ಬುದ್ಧಿ ಹೇಳಿದರೋ! ಕಟ್ಟಡದ ಬಹುಪಾಲು ಉಳಿಯುತ್ತಿದೆಯಲ್ಲ, ಒಂದು ಕೋಣೆ ಹೋದರೆ ಹೋಗಲಿ. ಪುಸ್ತಕದಲ್ಲಿ ಮುಂದೆ ಸದ್ದಿಲ್ಲದೆ ತಿದ್ದಿಕೊಂಡರಾಯಿತು. ನಿವೃತ್ತಿಯ ಹೊತ್ತಿಗೆ ತಮ್ಮ ಗ್ರಂಥಕ್ಕೆ ತಾವೇ ಮಸಿ ಬಳಿದುಕೊಳ್ಳುವವರುಂಟೆ? ಪ್ರಾಂಶುಪಾಲರಂತೂ ಕೈಮುಗಿಯುವುದೊಂದು ಬಾಕಿ. ಮೇಡಂ ಎಲ್ಲರಿಗೂ ಒಂದೇ ಉತ್ತರ ಕೊಟ್ಟರು: "ಅವರು ಆ ಕೋಣೆ ಒಡೀತಿರೋದು ನನ್ನ ಪುಸ್ತಕ ಕೈಲಿ ಹಿಡ್ಕೊಂಡು. ಬೇರೆ ಯಾರದ್ದಾದ್ರೂ ಆಗಿದ್ರೆ ಸುಮ್ನಿರ್ತಿದ್ದೆನೇನೋ." ಮರುದಿನವೇ ನಗರಸಭೆಗೆ ತಮ್ಮ ಆಕ್ಷೇಪಣೆಯನ್ನು ಕೊಟ್ಟರು.

ವಿಚಾರಣೆ ನಡೆದದ್ದು ನಗರಸಭೆಯ ಮೇಲಂತಸ್ತಿನ ಒಂದು ಕೋಣೆಯಲ್ಲಿ. ಮುಖ್ಯ ಎಂಜಿನಿಯರರು ಅಧ್ಯಕ್ಷರು. ಒಳ್ಳೆಯವರೇ, ಆದರೆ ಕೆಲಸ ಬೇಗ ಮುಗಿಯಬೇಕು ಎನ್ನುವ ಜಾತಿಯವರು. ಮೇಡಂ ತಮ್ಮ ಗ್ರಂಥದ ಪುಟವನ್ನು ತಾವೇ ಓದಿ, ಇದು ತಪ್ಪು, ಬರೆದವಳು ನಾನೇ, ಎಂದು ಆರಂಭಿಸಿದರು. ಇಟ್ಟಿಗೆ, ಗುಳಿ, ಮೋರಿ, ಎಲ್ಲವನ್ನೂ ಮುಂದಿಟ್ಟರು. ಎಂಜಿನಿಯರರು ಎಲ್ಲಕ್ಕೂ ಒಂದೊಂದು ಬದಲು ಹುಡುಕಿದರು: ಗೋಡೆ ದುರಸ್ತಿಯದಿರಬಹುದು, ಗುಳಿ ಕಪಾಟುಗಳದಿರಬಹುದು, ಮೋರಿಗೆ ನಿಮ್ಮ ಸೋಡಾ ಬಾಟಲಿ ಇದ್ದೇ ಇದೆ. ಕ್ಯಾಸೆಟ್ಟು ಕೇಳಿಸಿದಾಗ ಅವರಿಗೆ ನಗು ತಡೆಯಲಾಗಲಿಲ್ಲ. "ಮೇಡಂ, ಹೀರೋ ಎಡಗೈನೋ ಬಲಗೈನೋ ಅಂತ ಇಟ್ಕೊಂಡು ನಾನು ಕಟ್ಟಡ ಉಳಿಸಕ್ಕಾಗುತ್ತಾ? ಇವರ್ಯಾರೂ ನಾವು ಹಿಂದೆ ಕೂತಿದ್ವಿ ಅಂತ ಹೇಳೇ ಇಲ್ಲವಲ್ಲ. ಹಾಗೆ ಹೇಳೋರು ಯಾರಾದ್ರೂ ಬದುಕಿದ್ದಾರಾ?"

ಮೇಡಂ, "ಒಬ್ಬರಿದ್ದಾರೆ. ಆದರೆ ಅವರನ್ನ ನಾನು ಕೇಳೋದಿಲ್ಲ," ಎಂದರು. ಹಾಗಾದರೆ ಮುಂದಿನ ಸಭೆಯಲ್ಲಿ ಆದೇಶ ಹೊರಡಿಸುತ್ತೇವೆ ಎಂದು ಎಂಜಿನಿಯರರು ಕಡತ ಕಟ್ಟಿದರು.

ಆ ಒಬ್ಬರು ಯಾರೆಂದು ನನಗೆ ಹೊಳೆಯಲು ಮೆಟ್ಟಿಲು ಇಳಿಯುವಷ್ಟು ಹೊತ್ತು ಹಿಡಿಯಿತು. ಕೇಳಿದರೆ ಏನು ಮೇಡಂ, ಒಂದು ಮಾತು ತಾನೆ, ಎಂದು ನಾನು ರೇಗಿದ್ದೂ ನಿಜ. ಅವರು ನಿಂತು ಹೇಳಿದರು: "ಅಪ್ಪನ ಮುಂದೇನೇ ಹೇಳದೆ ಇಷ್ಟು ವರ್ಷ ಇಟ್ಕೊಂಡಿರೋ ಮಾತು ಅದು. ನನ್ನ ತಪ್ಪು ತಿದ್ದಕ್ಕೆ ಅಮ್ಮನ ಮಾನ ತಂದು ಮೇಜಿನ ಮೇಲೆ ಇಡ್ಲಾ?" ಆದರೂ ಅವರು ಕೈಚೆಲ್ಲಲಿಲ್ಲ. ಇಟ್ಟಿಗೆಯನ್ನು ಪರೀಕ್ಷೆಗೆ ಕಳಿಸಿದರು, ಗಿರಣಿಯ ಹಳೆಯ ವಸತಿಗಳಲ್ಲಿ ಮನೆಮನೆಯ ಬಾಗಿಲು ಬಡಿದರು. ಪರದೆಯ ಹಿಂದೆ ಕೂತು ನೋಡಿದ್ದ ಒಬ್ಬರೂ ಸಿಗಲಿಲ್ಲ.

ಎರಡನೆಯ ಸಭೆಯ ದಿನ ಮೇಡಂ ಅವರ ತಾಯಿ ಬಂದರು. ಮೊಮ್ಮಗಳ ತೋಳು ಹಿಡಿದು ಆ ಮೆಟ್ಟಿಲುಗಳನ್ನು ಹತ್ತಿ, ಕೈಯಲ್ಲಿ ಮಡಿಸಿದ ದಿನಪತ್ರಿಕೆಯೊಂದಿಗೆ, ಬಾಗಿಲಲ್ಲಿ ನಿಂತರು. ಮೊದಲ ವಿಚಾರಣೆಯ ವರದಿಯಲ್ಲಿ ಎಡಗೈ ರಾಜಕುಮಾರನ ಸುದ್ದಿಯನ್ನು ಪತ್ರಿಕೆಯವರು ತಮಾಷೆಗೆಂದು ಹಾಕಿದ್ದರು.

"ಪೇಪರಿನವರಿಗೆ ಹೇಳಕ್ಕೆ ಬಾಯಿ ಇತ್ತು, ನನ್ನನ್ನ ಕೇಳಕ್ಕೆ ಇರಲಿಲ್ವೇನೇ?" ಎಂದರು ಮಗಳಿಗೆ.

"ಅಮ್ಮ, ನೀನು ಯಾಕೆ ಬಂದೆ, ಮನೆಗೆ ನಡಿ," ಎಂದು ಮೇಡಂ ಎದ್ದರು.

ಅಮ್ಮ ಕೂತರು. ಎಂಜಿನಿಯರರ ಮೇಜಿನ ಮೇಲಿದ್ದ ಅಳತೆಪಟ್ಟಿಯನ್ನು ಎತ್ತಿಕೊಂಡು ಎಡಗೈಯಲ್ಲಿ ಮುಂದಕ್ಕೆ ಚಾಚಿದರು. "ನೋಡಪ್ಪ, ಹೀಗೆ ನಿಂತಿದ್ದ ಅವನು. ಮುಂದೆ ಕೂತೋರಿಗೆ ಬಲಗೈ. ನಾನು ಹಿಂದೆ ಕೂತಿದ್ದೆ, ನನಗೆ ಎಡಗೈ. ಇಂಟರ್‌ವೆಲ್ಲಿನಲ್ಲಿ ಒಬ್ಬ ಪಂಪಿನಿಂದ ಪರದೆಗೆ ನೀರು ಹೊಡೆಯೋನು. ಮೊದಲನೇ ಬೆಂಚಿನಲ್ಲಿ ಕೂತ್ರೆ ಮೈಯೆಲ್ಲ ತೊಟ್ಟಿಕ್ಕೋದು, ಅದಕ್ಕೆ ನಾನೂ ನಮ್ಮಕ್ಕನೂ ಓಡಿಬಂದು ಎರಡನೇ ಬೆಂಚು ಹಿಡೀತಿದ್ವಿ. ಅಕ್ಷರ ಎಲ್ಲ ತಿರುಗಿ ಕಾಣೋದು. ಓದೋಕೆ ಬರ್ತಿದ್ದೋರು ಅಲ್ಲಿ ಯಾರಿದ್ರು ಬಿಡು."

ಯಾಕೆ ಇಷ್ಟು ದಿನ ಹೇಳಲಿಲ್ಲ ಎಂದು ಎಂಜಿನಿಯರರು ಕೇಳಿದರು, ಈ ಬಾರಿ ನಗದೆ.

"ನಮ್ಮ ಯಜಮಾನರು ಕುರ್ಚೀಲಿ ಕೂತು ನೋಡ್ದೋರು. ಹೊಸದಾಗಿ ಮದುವೆಯಾದಾಗ ನಾನೂ ಮುಂದೇನೇ ಕೂತಿದ್ದೆ ಅಂದ್ಬಿಟ್ಟೆ. ಆಮೇಲೆ ಬದಲಾಯಿಸಕ್ಕೆ ಆಗಲಿಲ್ಲ. ಇವಳಿಗೆ ಎಡಬಲ ತಿಳಿಯಲ್ಲ ಅಂತ ಅವರು ಹೋಗೋ ತನಕ ನಗಾಡಿದ್ರು. ನಗಲಿ ಅಂತ ಬಿಟ್ಟೆ." ಅಳತೆಪಟ್ಟಿಯನ್ನು ಮೇಜಿನ ಮೇಲೆ ಮೊದಲಿದ್ದ ಜಾಗದಲ್ಲೇ ಇಟ್ಟರು. "ನನಗೆ ಎಡಬಲ ಚೆನ್ನಾಗೇ ತಿಳಿಯುತ್ತೆ ಅಂತ ಬರ್ಕೊಳ್ಳಪ್ಪ."

ಬರೆದುಕೊಂಡರು. ಇಟ್ಟಿಗೆಯ ಪರೀಕ್ಷೆಯ ವರದಿಯೂ ಬಂದು ಈ ಮಾತಿಗೆ ಜೊತೆಯಾಯಿತು. ಹಿಂದಿನ ಕೋಣೆ ಮೂಲ ಕಟ್ಟಡದ ಭಾಗವೇ ಎಂದು ಆದೇಶವಾಯಿತು. ಕಾರುಗಳು ಬೇರೆ ಜಾಗ ನೋಡಿಕೊಂಡವು. ಆದರೆ ಲೇಖಕಿಯೇ ತಪ್ಪೆಂದು ಒಪ್ಪಿಕೊಂಡ ಗ್ರಂಥವನ್ನು ಅಧಿಕೃತವಾಗಿ ಪ್ರಕಟಿಸುವುದು ಸೂಕ್ತವಲ್ಲವೆಂದು ನಗರಸಭೆ ಹಿಂದೆಗೆಯಿತು. ನನಗೆ ಮೈ ಉರಿದುಹೋಯಿತು, ಪತ್ರಿಕೆಗೆ ಕಟುವಾಗಿ ಬರೆಯಲು ಕೂತೆ. ಮೇಡಂ ಆ ಹಾಳೆಯನ್ನು ಕಸಿದುಕೊಂಡು, ಅದರ ಹಿಂಬದಿಯಲ್ಲಿ ಮರುಭೇಟಿ ಮಾಡಬೇಕಾದ ಚಿತ್ರಮಂದಿರಗಳ ಹೆಸರು ಬರೆಯತೊಡಗಿದರು. ಒಂದು ಕಡೆ ತಪ್ಪಿದ್ದರೆ ಬೇರೆ ಕಡೆಯೂ ತಪ್ಪಿರಬಹುದಲ್ಲ ಎಂಬುದು ಅವರ ವಾದ. ಅಂದಿನಿಂದ ಮುಗಿಯಿತೆಂದುಕೊಂಡಿದ್ದ ಟಾಕೀಸುಗಳನ್ನೆಲ್ಲ ಮತ್ತೆ ಮೊದಲಿಂದ ಅಳೆಯುತ್ತಿದ್ದೇವೆ. ಅಳತೆಯ ಟೇಪಿನ ಇನ್ನೊಂದು ತುದಿ ಹಿಡಿದು ನಿಲ್ಲುವ ಭಾಗ್ಯ ನನ್ನದು.

ಹೊಸ ಮುದ್ರಣವನ್ನು ಈಗ ಒಬ್ಬ ಸಣ್ಣ ಪ್ರಕಾಶಕರು ತರುತ್ತಿದ್ದಾರೆ. ಕಳೆದ ವಾರ ಅದರ ಕರಡಚ್ಚು ಬಂದಾಗ ನಾನು ಅವರ ಮನೆಯಲ್ಲಿದ್ದೆ. ಗಡಿಯಾರದ ಟಾಕೀಸಿನ ಅಧ್ಯಾಯದಲ್ಲಿ ಮೇಡಂ, ಹಿಂದಿನ ಬೆಂಚುಗಳಲ್ಲಿ ಕೂತು ನೋಡಿದ ಓರ್ವ ವೃದ್ಧೆ ತಿಳಿಸಿದಂತೆ, ಎಂದು ಬರೆದಿದ್ದರು. ಅಮ್ಮ ಕನ್ನಡಕ ಏರಿಸಿ ಆ ಸಾಲನ್ನು ಬೆರಳಿಟ್ಟು ಓದಿದರು.

"ಓರ್ವ ವೃದ್ಧೆ ಅಂದ್ರೆ ಯಾರೇ?"

"ನೀನೇ ಅಮ್ಮ. ಎಲ್ಲರೂ ಓದ್ತಾರೆ ಅಂತ..."

"ಓದಲಿ. ನನ್ನ ತಾಯಿ ಅಂತ ಬರಿ."

ಮೇಡಂ ಕೆಂಪು ಶಾಯಿಯ ಪೆನ್ನು ತೆಗೆದುಕೊಂಡು ಎರಡು ಪದ ಹೊಡೆದು ಎರಡು ಪದ ಬರೆದರು. ಆಮೇಲೆ ಕಣ್ಣೊರೆಸಿಕೊಂಡರು, ನಾನು ಕಿಟಕಿಯ ಕಡೆ ತಿರುಗಿದೆ.

ಗೌರವಾನ್ವಿತ ಮೇಡಂ ಅವರಿಗೆ ಈ ಸಂದರ್ಭದಲ್ಲಿ ನಾನು ಕೋರುವುದು ಇಷ್ಟೇ. ತಮ್ಮ ಗ್ರಂಥದಲ್ಲಿ ಇನ್ನೆಷ್ಟು ತಪ್ಪುಗಳು ಅಡಗಿವೆಯೋ ನಮಗ್ಯಾರಿಗೂ ತಿಳಿಯದು. ಅವುಗಳನ್ನೆಲ್ಲ ತಾವೇ ಹುಡುಕಿ, ತಾವೇ ಒಪ್ಪಿಕೊಂಡು, ತಾವೇ ತಿದ್ದುವಷ್ಟು ದೀರ್ಘವಾದ ಆಯುಸ್ಸು ತಮಗಿರಲಿ. ಪ್ರತಿ ತಿದ್ದುಪಡಿಯನ್ನೂ ತಮ್ಮ ತಾಯಿಯವರು ಬೆರಳಿಟ್ಟು ಓದುವಂತಾಗಲಿ.